ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು: ಮೈಸೂರು, ಮಂಡ್ಯದ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಆರರಿಂದ ಎಂಟು-ಒಂಬತ್ತು ವರ್ಷದ ಮಕ್ಕಳ ಬಗ್ಗೆ ಪೋಷಕರ ಸಭೆಯಲ್ಲಿ, ಶಾಲೆ ಗೇಟಿನ ಹತ್ತಿರ, ಒಮ್ಮೊಮ್ಮೆ ತರಕಾರಿ ಅಂಗಡಿಯಲ್ಲೂ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳಿವು. ನಾನು ಪ್ರಾಥಮಿಕ ಶಾಲೆ ಟೀಚರ್, ಡಾಕ್ಟರ್ ಅಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಳ್ಳು, ಎದುರುವಾದ, ಸೋತಾಗ ಅಳು, ಫ್ರೆಂಡ್ಸ್ ಜೊತೆ ಜಗಳ ಅಂತ ನೀವು ತರುವ ದೂರುಗಳಲ್ಲಿ ಬಹುಪಾಲು ಮಗುವಿನ ತಲೆ ಬೆಳೆಯುತ್ತಿರುವುದರ ಗುರುತು. ಯಾವುದು ಹಾಗಲ್ಲವೋ ಅದನ್ನೂ ಆಯಾ ಜಾಗದಲ್ಲಿ ಹೇಳಿದ್ದೇನೆ.

ಮಗಳಿಗೆ ಜೂನ್ ಹೊತ್ತಿಗೆ ಐದು ವರ್ಷ ಎಂಟು ತಿಂಗಳು. ಒಂದನೇ ಕ್ಲಾಸಿಗೆ ಸೇರಿಸಬಹುದಾ?

ಕರ್ನಾಟಕದ ನಿಯಮದ ಪ್ರಕಾರ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು. 2025-26ನೇ ಸಾಲಿಗೆ ಪೋಷಕರ ಒತ್ತಾಯ ಜಾಸ್ತಿಯಾದಾಗ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5 ವರ್ಷ 5 ತಿಂಗಳಾಗಿದ್ದರೆ ಸಾಕು ಎಂದು ಆ ಒಂದು ವರ್ಷದ ಮಟ್ಟಿಗೆ ಸಡಿಲಿಕೆ ಕೊಟ್ಟಿದ್ದರು.

ನಿಯಮ ಬಿಡಿ. "ಒಂದು ವರ್ಷ ವೇಸ್ಟ್ ಆಗುತ್ತೆ ಮಿಸ್" ಅನ್ನುವ ಸಂಕಟ ಇದೆಯಲ್ಲ, ಅದಕ್ಕೆ ನನ್ನ ಉತ್ತರ ಹೀಗೆ. ಐದು ವರ್ಷದ ಮಗುವಿಗೆ ಆರು ತಿಂಗಳು ಅಂದರೆ ಇಲ್ಲಿವರೆಗಿನ ಆಯಸ್ಸಿನ ಹತ್ತನೇ ಒಂದು ಭಾಗ. ಪೆನ್ಸಿಲ್ ಹಿಡಿಯುವ ಬೆರಳಿನ ಬಲ, ಕೂತು ಕೇಳುವ ತಾಳ್ಮೆ, ಟಿಫನ್ ಡಬ್ಬಿ ಮುಚ್ಚಳ ತೆಗೆಯುವುದು, ಎಲ್ಲದರಲ್ಲೂ ಆ ಆರು ತಿಂಗಳು ಎದ್ದು ಕಾಣುತ್ತದೆ. ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ತೀರಾ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ) ಅನ್ನುವ ಹಣೆಪಟ್ಟಿ ಜಾಸ್ತಿ ಬೀಳುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಆ ಮಕ್ಕಳಲ್ಲಿ ಹಲವರಿಗೆ ಕಾಯಿಲೆ ಏನೂ ಇಲ್ಲ, ವಯಸ್ಸು ಸಾಲದು ಅಷ್ಟೆ. ಕಾಯುವುದರಿಂದ ಏನೂ ಹೋಗುವುದಿಲ್ಲ.

ಈ ವಯಸ್ಸಿನಲ್ಲಿ ತಲೆಯೊಳಗೆ ಅಂಥದ್ದೇನು ಬದಲಾಗುತ್ತದೆ?

ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಲೋಟಕ್ಕೆ ಮಗುವಿನ ಎದುರೇ ಸಮ ಮಜ್ಜಿಗೆ ಹಾಕಿ. "ಎರಡೂ ಒಂದೇ" ಅಂತ ಮಗು ಒಪ್ಪಿದ ಮೇಲೆ ಒಂದು ಲೋಟದ್ದನ್ನು ಉದ್ದನೆಯ ಗಾಜಿನ ಗ್ಲಾಸಿಗೆ ಬಗ್ಗಿಸಿ. ಈಗ ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ಐದು ವರ್ಷದವರು ಸಾಮಾನ್ಯವಾಗಿ ಉದ್ದ ಗ್ಲಾಸನ್ನು ತೋರಿಸುತ್ತಾರೆ. ಏಳರ ಆಸುಪಾಸಿನವರು ನಿಮ್ಮನ್ನೇ ಒಂಥರಾ ನೋಡಿ "ಅಷ್ಟೇ ಇದೆ, ವಾಪಸ್ ಹಾಕಿದ್ರೆ ಮೊದಲಿನ ಥರಾನೇ ಆಗುತ್ತಲ್ಲ" ಅನ್ನುತ್ತಾರೆ. ಆ "ವಾಪಸ್ ಹಾಕಿದ್ರೆ" ಅನ್ನುವುದೇ ಹೊಸ ಶಕ್ತಿ. ಆದ ಕೆಲಸವನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ನೋಡುವುದು. 5ಕ್ಕೆ 3 ಕೂಡಿಸಿದರೆ 8, ಹಾಗಾದರೆ 8ರಲ್ಲಿ 3 ಕಳೆದರೆ 5 ಅಂತ ಹೊಳೆಯಬೇಕಾದರೆ ಇದೇ ಬೇಕು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಪರೀಕ್ಷೆಗಳಿಂದಲೇ ಹೆಸರಾದವರು. ಸುಮಾರು 7ರಿಂದ 11 ವರ್ಷದವರೆಗೆ ಮಕ್ಕಳು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಬಗ್ಗೆ ತರ್ಕಬದ್ಧವಾಗಿ ಯೋಚಿಸುತ್ತಾರೆ ಎಂದರು. ಆದರೆ ಮಕ್ಕಳ ಬುದ್ಧಿಗೆ ಅವರು ಸ್ವಲ್ಪ ಕಡಿಮೆ ಅಂಕ ಕೊಟ್ಟರು ಅಂತ ಆಮೇಲಿನವರ ಆಕ್ಷೇಪ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್, ಎರಡು ಸಮ ಸಾಲು ಬಿಲ್ಲೆ ಇಟ್ಟು ಒಂದು ಸಾಲಿನ ಉದ್ದ ಬದಲಿಸಿ ಮತ್ತೆ ಕೇಳುವ ಇಂಥದ್ದೇ ಪರೀಕ್ಷೆಯಲ್ಲಿ ದೊಡ್ಡವರ ಬದಲು ಒಂದು ತುಂಟ ಟೆಡ್ಡಿ ಗೊಂಬೆ ಬಂದು ಸಾಲು ಕೆಡಿಸಿದ ಹಾಗೆ ಮಾಡಿದರು. ಆಗ ಇನ್ನೂ ಚಿಕ್ಕ ಮಕ್ಕಳೂ ಸರಿ ಉತ್ತರ ಕೊಟ್ಟರು. ದೊಡ್ಡವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮೊದಲ ಉತ್ತರ ತಪ್ಪಿರಬೇಕು ಅಂತ ಮಗು ಅಂದುಕೊಳ್ಳುತ್ತದೆ. ನಮ್ಮ ತರಗತಿಗಳಲ್ಲಿ "ಸರಿಯಾಗಿ ಯೋಚಿಸಿ ಹೇಳು" ಅಂದ ತಕ್ಷಣ ಮಕ್ಕಳು ಸರಿ ಉತ್ತರ ಬಿಟ್ಟು ತಪ್ಪಿಗೆ ಹಾರುವುದನ್ನು ನೋಡಿದ್ದರೆ ನಿಮಗೆ ಇದು ಗೊತ್ತಿರುತ್ತದೆ.

ಇನ್ನೊಂದು ಆಟ. ಪೂಜೆಗೆ ತಂದ ಹೂವಿನಲ್ಲಿ ಏಳು ಸೇವಂತಿಗೆ, ಮೂರು ಮಲ್ಲಿಗೆ ಇಡಿ. "ಸೇವಂತಿಗೆ ಜಾಸ್ತಿನಾ, ಹೂವು ಜಾಸ್ತಿನಾ?" ಒಂದನೇ ಕ್ಲಾಸಿನ ಜಾಣ ಮಕ್ಕಳೂ "ಸೇವಂತಿಗೆ" ಅನ್ನುತ್ತಾರೆ. ತಿದ್ದಬೇಡಿ, ನಗಬೇಡಿ. ವರ್ಷ ಬಿಟ್ಟು ಮತ್ತೆ ಕೇಳಿ.

ಎರಡನೇ ಕ್ಲಾಸು. "ಭ" ಬರೆಯಬೇಕಾದ ಕಡೆ "ಬ" ಬರೆಯುತ್ತಾನೆ, ಒತ್ತಕ್ಷರ ನುಂಗುತ್ತಾನೆ. ಡಿಸ್‌ಲೆಕ್ಸಿಯಾನಾ?

ಡಿಸ್‌ಲೆಕ್ಸಿಯಾ ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು-ಬರಹ ಮಾತ್ರ ಕೈಗೆ ಹತ್ತದ ತೊಂದರೆ. ಇಷ್ಟರಿಂದಲೇ ಆ ತೀರ್ಮಾನಕ್ಕೆ ಬರಬೇಡಿ.

ಕನ್ನಡದಲ್ಲಿ ಮಗುವಿನ ಮುಂದಿರುವ ಕೆಲಸ ದೊಡ್ಡದು. ವರ್ಣಮಾಲೆಯ 49 ಅಕ್ಷರ ಬರೀ ಬಾಗಿಲು. ಒಳಗೆ ಕಾಗುಣಿತ ಇದೆ, ಅದರ ಹಿಂದೆ ಒತ್ತಕ್ಷರ ಇದೆ, ಎಲ್ಲ ಸೇರಿದರೆ ನೂರಾರು ರೂಪಗಳು. ಕನ್ನಡ ಓದುವ ಮಕ್ಕಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿರುವ ಸೊನಾಲಿ ನಾಗ್ ಅವರ ಅಧ್ಯಯನಗಳ ಪ್ರಕಾರ ಈ ಅಕ್ಷರ ಕಲಿಕೆ ನಾಲ್ಕನೇ, ಐದನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ. ಯುಕೆಜಿಯಲ್ಲೇ ಎ ಬಿ ಸಿ ಡಿ ಮುಗಿಸಿದವನು ಕನ್ನಡ ಯಾಕೆ ಮುಗಿಸಿಲ್ಲ ಅಂತ ಕೇಳುವುದು ಅನ್ಯಾಯ.

ನಮ್ಮ ಕಡೆ ಇನ್ನೂ ಒಂದು ವಿಷಯ ಇದೆ. ಮಂಡ್ಯದ ಹಳ್ಳಿಯ ಮಗು ಮನೆಯಲ್ಲಿ ಕೇಳುವುದು "ಆಲು ಕುಡಿ", "ಓಗು", "ಬಯ ಆಯ್ತದೆ". ಆ ಮಗು "ಹಾಲು" ಅನ್ನುವುದನ್ನು "ಆಲು" ಅಂತ ಬರೆದರೆ ಅದರ ಕಿವಿಗೂ ಕೈಗೂ ಸಂಬಂಧ ಚೆನ್ನಾಗಿಯೇ ಇದೆ ಅಂತ ಅರ್ಥ. ಕೇಳಿದ ಸದ್ದನ್ನು ಅಕ್ಷರಕ್ಕೆ ಇಳಿಸುವುದೇ ಬರವಣಿಗೆಯ ಕಷ್ಟದ ಭಾಗ, ಅದು ಬಂದಿದೆ. ಪುಸ್ತಕದ ರೂಪ ಓದ್ತಾ ಓದ್ತಾ ಬರುತ್ತದೆ. ಕೆಂಪು ಪೆನ್ನಿನಲ್ಲಿ ಗೀಚುವ ಮೊದಲು ನಾವು ಟೀಚರ್‌ಗಳೂ ಇದನ್ನು ನೆನಪಿಡಬೇಕು.

ತೋರಿಸಬೇಕಾದ ಲಕ್ಷಣಗಳು ಬೇರೆ. ಮೂರನೇ ಕ್ಲಾಸು ಮುಗಿಯುತ್ತಾ ಬಂದರೂ ಅಕ್ಷರಗಳನ್ನು ಬಿಡಿಬಿಡಿಯಾಗಿ ಓದುತ್ತದೆ, ಕೂಡಿಸಿ ಪದ ಮಾಡಲು ಆಗುವುದಿಲ್ಲ. ಬಾಯಲ್ಲಿ ಕೇಳಿದರೆ ಪಾಠವೆಲ್ಲ ಹೇಳುತ್ತದೆ, ಬರೆಯಲು ಕೂತರೆ ಪೂರಾ ಖಾಲಿ. ಮಾತು ತಡವಾಗಿ ಬಂದಿತ್ತು, ಮನೆಯಲ್ಲಿ ಇನ್ನೊಬ್ಬರಿಗೂ ಓದಿನ ತೊಂದರೆ ಇತ್ತು. ಇಂಥವು ಕಂಡರೆ ಮೂರನೇ ಕ್ಲಾಸು ಮುಗಿಯಲಿ ಅಂತ ಕಾಯುವುದೂ ಬೇಡ. ಎಲ್ಲಿಗೆ ಅಂತ ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಎಡಗೈಯಲ್ಲಿ ಬರೆಯುತ್ತಾಳೆ. ಬಲಗೈ ರೂಢಿ ಮಾಡಿಸಬೇಕಾ?

ಬೇಡ. ಬೆಂಚಿನ ಎಡ ತುದಿಯಲ್ಲಿ ಕೂರಿಸಲು ಟೀಚರ್‌ಗೆ ಹೇಳಿ, ಪಕ್ಕದವರ ಮೊಣಕೈ ತಾಗುವುದಿಲ್ಲ.

ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಗೊಂದಲ ಆಗಲ್ವಾ? ನಾವೂ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಲಾ?

ಎರಡು ಭಾಷೆಯಿಂದ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲ. ಮೈಸೂರಿನಲ್ಲಿ ಮನೆಯಲ್ಲಿ ಉರ್ದು ಅಥವಾ ತಮಿಳು, ಬೀದಿಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಅಂತ ಮೂರನ್ನೂ ಸಲೀಸಾಗಿ ಆಡುವ ಮಕ್ಕಳು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ತೊಂದರೆ ಆಗುವುದು ಅಪ್ಪ-ಅಮ್ಮ ತಮಗೆ ಸರಾಗವಾಗಿ ಬಾರದ ಇಂಗ್ಲಿಷನ್ನು ಮನೆಯಲ್ಲಿ ಆಡಲು ಹೊರಟಾಗ. "ಕಮ್, ಈಟ್, ಸಿಟ್, ಡೋಂಟ್" ಇಷ್ಟಕ್ಕೇ ಮಾತು ಮುಗಿಯುತ್ತದೆ. ಯಾಕೆ, ಹೇಗೆ, ಆಮೇಲೆ ಏನಾಯ್ತು ಅನ್ನುವ ಮಾತುಕತೆಯೇ ನಿಂತುಹೋಗುತ್ತದೆ. ಮಗುವಿನ ಬುದ್ಧಿ ಬೆಳೆಯುವುದು ಆ ಮಾತುಕತೆಯಲ್ಲಿ. ನಿಮಗೆ ಬೈಯಲು, ಮುದ್ದು ಮಾಡಲು, ಕಥೆ ಹೇಳಲು ಬರುವ ಭಾಷೆಯಲ್ಲೇ ಮಾತಾಡಿ.

ಇದ್ದಕ್ಕಿದ್ದ ಹಾಗೆ ಸುಳ್ಳು ಹೇಳಲು ಕಲಿತಿದ್ದಾನೆ. ಎಲ್ಲಿಂದ ಬಂತು ಈ ಬುದ್ಧಿ?

ನಾಲ್ಕು ವರ್ಷದಲ್ಲೂ ಹೇಳುತ್ತಿದ್ದ, ನಿಮಗೆ ಸುಲಭವಾಗಿ ಗೊತ್ತಾಗುತ್ತಿತ್ತು. ಗಲ್ಲದ ಮೇಲೆ ತುಪ್ಪ ಹೊಳೆಯುತ್ತಿರುವಾಗಲೇ "ನಾನು ಮೈಸೂರು ಪಾಕ್ ಮುಟ್ಟೇ ಇಲ್ಲ" ಅನ್ನುತ್ತಿದ್ದ. ಏಳಕ್ಕೆ ಬಾಯಿ ಒರೆಸಿಕೊಂಡು, ಡಬ್ಬಿ ಮುಚ್ಚಳ ಮೊದಲಿನಂತೆ ಹಾಕಿ, "ಬೆಳಿಗ್ಗೆ ಚಿಕ್ಕಪ್ಪ ಬಂದಿದ್ರಲ್ಲ" ಅನ್ನುತ್ತಾನೆ. ನನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲ, ಅಮ್ಮ ಏನು ಊಹಿಸುತ್ತಾಳೆ, ಮುಂದಿನ ಪ್ರಶ್ನೆಗೆ ಏನು ಹೇಳಬೇಕು, ಇಷ್ಟನ್ನೂ ಒಂದೇ ಸಲಕ್ಕೆ ಲೆಕ್ಕ ಹಾಕುವ ಶಕ್ತಿ ಈಗಷ್ಟೇ ಬಂದಿದೆ. ಇನ್ನೊಬ್ಬರ ಮನಸ್ಸಿನಲ್ಲಿ ನಿಂತು ನೋಡುವ ಇದೇ ಶಕ್ತಿಯಿಂದ ಅವನು ಅಜ್ಜಿಗೆ ಬೇಜಾರಾಗದಿರಲಿ ಅಂತ ಇಷ್ಟವಿಲ್ಲದ ಸ್ವೆಟರ್ ಅನ್ನು "ಚೆನ್ನಾಗಿದೆ" ಅನ್ನುವುದೂ.

ಹಾಗಂತ ಸುಮ್ನೆ ಬಿಡಿ ಅನ್ನುತ್ತಿಲ್ಲ. ಉತ್ತರ ಗೊತ್ತಿದ್ದೂ "ಯಾರು ತಿಂದಿದ್ದು?" ಅಂತ ಬಲೆ ಹಾಕಬೇಡಿ. "ನೀನು ತಿಂದಿದ್ದು ಗೊತ್ತಾಯ್ತು, ಇನ್ನು ಊಟ ಆದ ಮೇಲೆ ಕೇಳಿ ತಗೋ" ಅಂದರೆ ಸುಳ್ಳಿಗೆ ಜಾಗವೇ ಇರುವುದಿಲ್ಲ. ಏಟಿನ ಭಯ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳನ್ನು ಹೋಲಿಸಿದರು. ಒಂದರಲ್ಲಿ ಹೊಡೆತ ದಿನನಿತ್ಯದ್ದು, ಇನ್ನೊಂದರಲ್ಲಿ ಇಲ್ಲ. ಹೊಡೆಯುವ ಶಾಲೆಯ ಪುಟ್ಟ ಮಕ್ಕಳು ಸುಳ್ಳು ಜಾಸ್ತಿ ಹೇಳಿದರು, ಸಿಕ್ಕಿಬೀಳದ ಹಾಗೆ ಹೇಳುವುದರಲ್ಲೂ ಮುಂದಿದ್ದರು.

ಚೌಕಾಬಾರದಲ್ಲಿ ಸೋತರೆ ಕಾಯಿ ಎಲ್ಲ ಚೆಲ್ಲಿ ಅಳುತ್ತಾಳೆ. ಬೇಕಂತಲೇ ಸೋಲಬೇಕಾ?

ಒಮ್ಮೊಮ್ಮೆ ಸೋಲಿ, ಪ್ರತಿ ಸಲ ಬೇಡ.

ಚೌಕಾಬಾರ ಈ ವಯಸ್ಸಿಗೆ ಹೇಳಿ ಮಾಡಿಸಿದ ಆಟ. ಐದೈದು ಮನೆಯ ಚೌಕವನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರೆ ಆಯಿತು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತಂದು, ಒಂದು ಮಗ್ಗುಲು ಬಿಳಿ ಕಾಣುವ ತನಕ ಕಲ್ಲಿಗೆ ತೇಯಿರಿ. ತೇಯುವ ಕೆಲಸವನ್ನು ಮಗುವಿಗೇ ಕೊಡಿ, ಸಂಜೆ ಕಳೆಯುತ್ತದೆ. ಆಟ ಶುರುವಾದ ಮೇಲೆ ನೋಡಿ ತಲೆಗೆ ಎಷ್ಟು ಕೆಲಸ. ಬಿದ್ದದ್ದನ್ನು ಎಣಿಸಬೇಕು, ಯಾವ ಕಾಯಿ ನಡೆಸಿದರೆ ಲಾಭ ಅಂತ ಯೋಚಿಸಬೇಕು, ಅಮ್ಮ ಹಿಂದಿನಿಂದ ಬಂದು ಕಡಿಯುತ್ತಾಳಾ ಅಂತ ಅಮ್ಮನ ತಲೆಯೊಳಗೆ ಹೋಗಬೇಕು, ಸರದಿ ಬರುವ ತನಕ ಕೈ ಕಟ್ಟಿ ಕೂರಬೇಕು. ಹಣ್ಣಾಗಲು ಎರಡೇ ಮನೆ ಇರುವಾಗ ಕಾಯಿ ಕಡಿಸಿಕೊಂಡರೆ ದೊಡ್ಡವರಿಗೇ ಹೊಟ್ಟೆ ಉರಿಯುತ್ತದೆ. ಏಳು ವರ್ಷದವಳು ಅತ್ತರೆ ಆಶ್ಚರ್ಯ ಏನು?

ನಿಯಮದ ವಿಷಯಕ್ಕೂ ಬಹಳ ಜಗಳ ಬರುತ್ತದೆ. "ನಮ್ಮ ಅಜ್ಜಿ ಮನೇಲಿ ಹಿಂಗೆ ಆಡಲ್ಲ!" ಪಿಯಾಜೆ ಗೋಲಿ ಆಡುವ ಹುಡುಗರ ಪಕ್ಕದಲ್ಲಿ ಕೂತು, ಈ ನಿಯಮ ಯಾರು ಮಾಡಿದ್ದು, ಬದಲಾಯಿಸಬಹುದಾ ಅಂತ ಕೇಳುತ್ತಾ ಹೋದರಂತೆ. ಅದನ್ನು 1932ರಲ್ಲಿ ಪ್ರಕಟಿಸಿದರು. ಚಿಕ್ಕವರಿಗೆ ನಿಯಮ ಅಂದರೆ ದೊಡ್ಡವರು ಮಾಡಿಟ್ಟದ್ದು, ಮುಟ್ಟುವ ಹಾಗಿಲ್ಲ. ದೊಡ್ಡವರಾಗುತ್ತಾ ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅಂತ ತಿಳಿಯುತ್ತದೆ. ಆದ್ದರಿಂದ ಆಟ ಶುರುವಾಗುವ ಮೊದಲೇ "ಇವತ್ತು ಯಾವ ರೂಲ್ಸ್?" ಅಂತ ಮಾತಾಡಿಕೊಳ್ಳಿ. ಇಬ್ಬಿಬ್ಬರ ಜೋಡಿ ಮಾಡಿ ಆಡಿದರೆ ಸೋಲಿನ ಭಾರ ಹಂಚಿಹೋಗುತ್ತದೆ. ನೀವು ಸೋತಾಗ "ಛೆ, ಹೋಯ್ತಲ್ಲ! ಇನ್ನೊಂದು ಆಟ ಹಾಕು" ಅಂತ ಬಾಯಿಬಿಟ್ಟು ಹೇಳಿ. ಸೋಲನ್ನು ಹೇಗೆ ಸೋಲುವುದು ಅಂತ ಮಗು ಕಲಿಯುವುದು ನಿಮ್ಮನ್ನು ನೋಡಿ.

ಬೆಸ್ಟ್ ಫ್ರೆಂಡ್ ಠೂ ಬಿಟ್ಟಳಂತೆ. ಎರಡು ದಿನದಿಂದ ಸ್ಕೂಲಿಗೆ ಹೋಗಲ್ಲ ಅನ್ನುತ್ತಾಳೆ. ಆ ಹುಡುಗಿ ಅಮ್ಮನ ಹತ್ತಿರ ಮಾತಾಡಲಾ?

ಸ್ವಲ್ಪ ತಡೆಯಿರಿ. ಆರು ವರ್ಷದವರಿಗೆ ಫ್ರೆಂಡ್ ಅಂದರೆ ಈಗ ಪಕ್ಕದಲ್ಲಿ ಕೂತು ಜೊತೆಗೆ ಆಡುವವರು. ಎಂಟರ ಹೊತ್ತಿಗೆ ನಂಬಿಕೆ, ಗುಟ್ಟು, "ನನ್ನ ಪರ ನಿಂತಳಾ ಇಲ್ವಾ" ಅನ್ನುವ ಲೆಕ್ಕಗಳೆಲ್ಲ ಸೇರಿಕೊಳ್ಳುತ್ತವೆ. ನಡುವಿನ ವರ್ಷಗಳಲ್ಲಿ ದಿನಕ್ಕೊಂದು ಠೂ, ದಿನಕ್ಕೊಂದು ರಾಜಿ. ದೊಡ್ಡವರು ಫೋನ್ ಮಾಡುವ ಹೊತ್ತಿಗೆ ಮಕ್ಕಳು ಒಂದೇ ಪೆನ್ಸಿಲ್ ಬಾಕ್ಸ್ ಹಂಚಿಕೊಂಡಿರುತ್ತಾರೆ, ದೊಡ್ಡವರ ಮನಸ್ತಾಪ ಮಾತ್ರ ಉಳಿಯುತ್ತದೆ. ಪರಿಹಾರ ಹೇಳಲು ಹೋಗದೆ ಏನಾಯ್ತು ಅಂತ ಪೂರಾ ಕೇಳಿ. "ಅವಳಿಗೆ ಯಾಕೆ ಸಿಟ್ಟು ಬಂದಿರಬಹುದು?" ಅಂತ ಒಂದೇ ಪ್ರಶ್ನೆ ಹಾಕಿ.

ಆದರೆ ಒಂದೇ ಮಗುವನ್ನು ಗುಂಪು ಮತ್ತೆ ಮತ್ತೆ ಗುರಿ ಮಾಡುತ್ತಿದ್ದರೆ, ಬಣ್ಣ, ಜಾತಿ, ತೊದಲು, ದಪ್ಪ ಅಂತ ಹೀಯಾಳಿಸುತ್ತಿದ್ದರೆ ಅದು ಠೂ ಅಲ್ಲ. ಅದೇ ದಿನ ಕ್ಲಾಸ್ ಟೀಚರ್ ಹತ್ತಿರ ಹೋಗಿ.

"ನೀನು ಜಾಣ" ಅಂತ ಹೊಗಳುವುದು ತಪ್ಪಾ?

ತಪ್ಪಲ್ಲ, ಸಾಲದು. ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿ ಮಕ್ಕಳ ಜೊತೆ ಮಾಡಿದ ಪ್ರಯೋಗದಲ್ಲಿ, ಒಗಟು ಬಿಡಿಸಿದ ಕೆಲವರಿಗೆ "ನೀನು ಬುದ್ಧಿವಂತ", ಇನ್ನು ಕೆಲವರಿಗೆ "ಚೆನ್ನಾಗಿ ಪ್ರಯತ್ನ ಮಾಡಿದ್ದೀಯ" ಅಂದರು. ಆಮೇಲೆ ಕಷ್ಟದ ಒಗಟು ಕೊಟ್ಟು ಸೋಲಿಸಿದರು. ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಚೆಲ್ಲಿದರು. ಎಷ್ಟು ಅಂಕ ಬಂತು ಅಂತ ಕೇಳಿದಾಗ ಜಾಸ್ತಿ ಹೇಳಿದವರೂ ಅವರಲ್ಲೇ ಹೆಚ್ಚು.

ನಮ್ಮ ಮನೆಗಳಲ್ಲಿ ಹೊಗಳಿಕೆಗಿಂತ ಹೋಲಿಕೆಯೇ ಹೆಚ್ಚು ಅನ್ನುವುದು ನನ್ನ ತಕರಾರು. ಏಳೆಂಟು ವರ್ಷಕ್ಕೆ ಮಕ್ಕಳು ತಾವಾಗಿಯೇ ಅಕ್ಕಪಕ್ಕದವರ ಜೊತೆ ತಮ್ಮನ್ನು ಅಳೆದುಕೊಳ್ಳಲು ಶುರು ಮಾಡುತ್ತಾರೆ. ಯಾರು ಬೇಗ ಓಡುತ್ತಾರೆ, ಯಾರ ಅಕ್ಷರ ಚೆಂದ, ಎಲ್ಲ ಅವರಿಗೆ ಗೊತ್ತು. ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ ಈ ವಯಸ್ಸನ್ನು "ನನ್ನ ಕೈಯಲ್ಲಿ ಆಗುತ್ತೆ" ಮತ್ತು "ನಾನು ಕೈಲಾಗದವನು" ಅನ್ನುವ ಎರಡು ಭಾವನೆಗಳ ಎಳೆದಾಟದ ಕಾಲ ಅಂತ ನೋಡಿದರು. ಅದರ ನಡುವೆ ನೀವು ಬೇರೆ "ನೋಡು ನಿಮ್ಮ ಅತ್ತೆ ಮಗ" ಅನ್ನಬೇಕಾಗಿಲ್ಲ.

ಒಂದು ಕಡೆ ಕೂರಲ್ಲ. ಎಡಿಎಚ್‌ಡಿ ಇರಬಹುದಾ?

ಮೊದಲು ಕಣ್ಣು, ಕಿವಿ, ರಕ್ತ, ನಿದ್ದೆ ನೋಡಿ. ಬೋರ್ಡ್ ಕಾಣದ ಮಗು ಪಕ್ಕದವರ ಪುಸ್ತಕ ಇಣುಕುತ್ತದೆ, ನಾವು ಗಮನ ಇಲ್ಲ ಅನ್ನುತ್ತೇವೆ. ನೆಗಡಿಯಾಗಿ ಕಿವಿಯೊಳಗೆ ನೀರು ನಿಂತ ಮಗುವಿಗೆ ಹಿಂದಿನ ಬೆಂಚಿನಲ್ಲಿ ಅರ್ಧ ಪಾಠ ಕೇಳುವುದೇ ಇಲ್ಲ. ರಕ್ತಹೀನತೆ ಇದ್ದರೆ ಸುಸ್ತು, ಮಂಕು. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಮಗು ಚಡಪಡಿಸದೆ ಇನ್ನೇನು ಮಾಡೀತು?

ಎಡಿಎಚ್‌ಡಿ ಅನ್ನಬೇಕಾದರೆ ತೊಂದರೆ ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಅದನ್ನು ತೀರ್ಮಾನಿಸುವುದು ತಜ್ಞರು. ಟೀಚರ್ ಅಲ್ಲ, ಯೂಟ್ಯೂಬ್ ಅಂತೂ ಅಲ್ಲ.

ಮೊಬೈಲ್ ಎಷ್ಟು ಹೊತ್ತು ಕೊಡಬಹುದು?

5ರಿಂದ 10 ವರ್ಷದವರಿಗೆ ದಿನಕ್ಕೆ 2 ಗಂಟೆಗಿಂತ ಕಡಿಮೆ ಅನ್ನುವುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಊಟದ ಹೊತ್ತು, ಮಲಗುವ ಹೊತ್ತು ಬೇಡವೇ ಬೇಡ. ಆ ನಿಯಮ ಅಪ್ಪನಿಗೂ ಅನ್ವಯಿಸಿದರೆ ಮಾತ್ರ ನಡೆಯುತ್ತದೆ.

ಒಂದನೇ ಕ್ಲಾಸಿಗೆ ಟ್ಯೂಷನ್ ಬೇಕಾ? ಸ್ಕೂಲಲ್ಲಿ ಹೋಮ್‌ವರ್ಕೇ ಕೊಡಲ್ಲ.

ಕೊಡದಿದ್ದರೆ ಒಳ್ಳೆ ಸ್ಕೂಲು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿವರೆಗೆ ಹೋಮ್‌ವರ್ಕ್ ಬೇಡ, ಬ್ಯಾಗಿನ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದು ಅನ್ನುತ್ತದೆ. ಸಂಜೆ ಆಟಕ್ಕೆ ಬಿಡಿ. ಬೆವರು ಬರುವಂಥ ಆಟ ದಿನಕ್ಕೆ ಒಂದು ಗಂಟೆಯಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಲೆಕ್ಕ ಕಲಿಸಬೇಕಾ? ಸಂತೆಗೆ ಕರೆದುಕೊಂಡು ಹೋಗಿ ಚಿಲ್ಲರೆ ಎಣಿಸಲು ಕೊಡಿ. ಗದ್ದೆ ಇರುವವರು ಕಬ್ಬಿನ ಜಲ್ಲೆಗಳನ್ನು ಹತ್ತತ್ತರ ಕಟ್ಟು ಮಾಡಿಸಿ. ಬಿಡಿ, ಹತ್ತು, ನೂರು ಅನ್ನುವುದು ಕೈಗೆ ಸಿಕ್ಕಿದರೆ ಪುಸ್ತಕದಲ್ಲಿ ತಾನಾಗಿ ಅರ್ಥವಾಗುತ್ತದೆ. ಕೆಲಸ ಹೇಳುವಾಗ ಒಂದು ಎಚ್ಚರ ಇರಲಿ. "ಒಳಗೆ ಹೋಗಿ ಚೀಲ ಇಟ್ಟು, ಕೈ ತೊಳೆದು, ಅಜ್ಜಿನ ಕರೆದು, ತಟ್ಟೆ ತಗೊಂಡು ಬಾ" ಅಂದರೆ ಆರು ವರ್ಷದವರು ಚೀಲ ಇಟ್ಟು ಅಲ್ಲೇ ಆಟಕ್ಕೆ ಕೂರುತ್ತಾರೆ. ಉಡಾಫೆ ಅಲ್ಲ ಅದು. ಅಷ್ಟನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಎರಡೆರಡಾಗಿ ಹೇಳಿ.

ಸರ್ಕಾರಿ ಶಾಲೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸನ್ನು ಒಟ್ಟಿಗೆ ಕೂರಿಸುತ್ತಾರೆ. ನನ್ನ ಮಗ ಹಿಂದೆ ಬೀಳಲ್ವಾ?

ನಲಿ-ಕಲಿ ಅಂದರೆ ಅದೇ, ಅದು ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರು ಮಾಡಿದರು, ಆಮೇಲೆ ರಾಜ್ಯವಿಡೀ ಹರಡಿತು. ಮಕ್ಕಳು ಕಾರ್ಡ್ ಹಿಡಿದು, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು, ತಮ್ಮ ವೇಗದಲ್ಲಿ ಹತ್ತುತ್ತಾರೆ. ಜ್ವರ ಬಂದು ವಾರ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಕೂರುವ ಗುಂಪುಗಳನ್ನು ಗಮನಿಸಿ. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಆಮೇಲೆ ಸಹಪಾಠಿಗಳ ಸಹಾಯ, ಅದೂ ಕಡಿಮೆಯಾಗುತ್ತಾ ಕೊನೆಗೆ ಸ್ವಂತ ಕಲಿಕೆ. ಇವತ್ತು ಇನ್ನೊಬ್ಬರ ನೆರವಿನಿಂದ ಮಾಡಿದ್ದನ್ನು ನಾಳೆ ಮಗು ತಾನೇ ಮಾಡುತ್ತದೆ ಅನ್ನುವುದು 1934ರಲ್ಲಿ ತೀರಿಕೊಂಡ ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿಯ ಮುಖ್ಯ ವಿಚಾರ. ಅದು ಇಲ್ಲಿ ಚಾಪೆಯ ಮೇಲೆ ನಡೆಯುತ್ತಿದೆ. ಮೂರನೇ ಕ್ಲಾಸಿನವಳು ಒಂದನೇ ಕ್ಲಾಸಿನವನಿಗೆ "ಹಂಗಲ್ಲ ಕಣೋ, ಕೊಂಬು ಹಾಕು" ಅಂತ ಹೇಳಿಕೊಡುವಾಗ ಅವಳದ್ದೂ ಗಟ್ಟಿಯಾಗುತ್ತದೆ.

ನನ್ನ ಅನುಮಾನ ಪದ್ಧತಿಯ ಮೇಲಲ್ಲ. ಒಬ್ಬರೇ ಟೀಚರ್ ದಾಖಲೆ, ಮೀಟಿಂಗ್, ಬಿಸಿಯೂಟ ಎಲ್ಲಕ್ಕೂ ಓಡುತ್ತಿದ್ದರೆ ಯಾವ ಕಾರ್ಡೂ ಕೆಲಸ ಮಾಡುವುದಿಲ್ಲ. ಹೋಗಿ ಒಂದು ಬೆಳಿಗ್ಗೆ ತರಗತಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಎರಡು ಏಟು ಬೀಳದಿದ್ದರೆ ಮಾತು ಕೇಳ್ತಾರಾ ಮಿಸ್? ನೀವೇ ಎರಡು ಬಿಡಿ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯುವುದು, ಮಾನಸಿಕ ಹಿಂಸೆ ಕೊಡುವುದು ಎರಡೂ ನಿಷೇಧ. ನಾನು ಬಿಡುವುದಿಲ್ಲ, ನೀವೂ ಬಿಡಬೇಡಿ.

ರಜೆಯಲ್ಲಿ ಸಮ್ಮರ್ ಕ್ಯಾಂಪ್ ಬೇಕಾ?

ಖರ್ಚಿನ ಕ್ಯಾಂಪೇ ಆಗಬೇಕಿಲ್ಲ. ಬೇಸಿಗೆಯಲ್ಲಿ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಚಿಣ್ಣರ ಮೇಳ ನಡೆಯುತ್ತದೆ. ನಾಟಕದಲ್ಲಿ ಇನ್ನೊಬ್ಬರ ಪಾತ್ರ ಹಾಕುವುದು, ಗುಂಪಿನಲ್ಲಿ ತನ್ನ ಸರದಿಗೆ ಕಾಯುವುದು ಈ ವಯಸ್ಸಿಗೆ ತುಂಬಾ ಒಳ್ಳೆಯದು. ಮೃಗಾಲಯಕ್ಕೆ ಹೋದರೆ ಎಲ್ಲ ಪ್ರಾಣಿ ತೋರಿಸುವ ಆತುರ ಬೇಡ. ಮಗು ಒಂದು ಬೋನಿನ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ. ದಸರೆಗೆ ಗೊಂಬೆ ಕೂರಿಸುವ ಮನೆಯಾದರೆ ಒಂದು ಮೆಟ್ಟಿಲನ್ನು ಮಗುವಿಗೇ ಬಿಟ್ಟುಕೊಡಿ. ಅಂಗಡಿ ಶೆಟ್ಟರ ಪಕ್ಕ ಡೈನೋಸಾರ್ ಕೂತರೂ ಪರವಾಗಿಲ್ಲ.

ಅನುಮಾನ ಇದ್ದರೆ ಎಲ್ಲಿಗೆ ಹೋಗಬೇಕು?

ಮಾತು, ಕೇಳುವಿಕೆ, ಓದು-ಬರಹದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಊರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅಂತಲೇ ಕರೆಯುವುದು. ದೂರದ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುತ್ತಾರೆ, ಮಂಡ್ಯದವರಿಗೆ ಬೆಳಗಿನ ರೈಲು ಸಾಕು. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. 2013ರಲ್ಲಿ ಶುರುವಾದ ಈ ಯೋಜನೆ 18 ವರ್ಷದವರೆಗಿನ ಮಕ್ಕಳಿಗೆ. ತಂಡ ಬಂದ ದಿನ ಮಗುವನ್ನು ತಪ್ಪದೆ ಕಳಿಸಿ, ನಿಮ್ಮ ಅನುಮಾನವನ್ನು ಚೀಟಿಯಲ್ಲಿ ಬರೆದು ಕೊಡಿ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ನಿಮಗೇ ತಡೆಯಲಾಗದಷ್ಟು ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಮಗುವಿನ ಈ ವರ್ಷದ ಮತ್ತು ಹೋದ ವರ್ಷದ ನೋಟ್‌ಬುಕ್ ಎರಡನ್ನೂ ತೆಗೆದುಕೊಂಡು ಹೋಗಿ. ಟೀಚರ್ ಹತ್ತಿರ ನಾಲ್ಕು ಸಾಲು ಬರೆಸಿಕೊಳ್ಳಿ. ಮಗುವಿಗೆ ಮಾತು ಯಾವಾಗ ಬಂತು, ಕಿವಿ ಸೋರಿತ್ತಾ, ಫಿಟ್ಸ್ ಬಂದಿತ್ತಾ ಅನ್ನುವುದನ್ನು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಅಲ್ಲಿ ಮೊದಲು ಕೇಳುವುದೇ ಅದನ್ನು. ತಿಂಡಿ ಕಟ್ಟಿಕೊಳ್ಳಿ, ಕ್ಯೂ ಉದ್ದ ಇರುತ್ತದೆ.